ಲಾರಿಗೆ ಹಾಕಿಸಬಹುದಿತ್ತಲ್ವಾ ಅಂದೆಯಲ್ಲ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಚೆನ್ನಾಗಿ ಬೈದೆ. "ಪುಣೆಯಿಂದ ಬೆಂಗಳೂರಿಗೆ ಗಾಡಿ ಓಡಿಸಿಕೊಂಡು ಬರೋ ವಯಸ್ಸೇನೋ ಇದು? ಲಾರಿಗೆ ಹಾಕಿಸಬಹುದಿತ್ತಲ್ವಾ?" ಅಂದೆ. ಅಪ್ಪ ಪಕ್ಕದಲ್ಲೇ ಕೂತಿದ್ದರು. ಅದಕ್ಕೆ ಹೂಂ ಹೂಂ ಅಂದು ಫೋನ್ ಇಟ್ಟುಬಿಟ್ಟೆ. ಈಗ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಕೂತುಕೋ.

ಲಾರಿಗೆ ಹಾಕಿಸುವುದೇ ನನ್ನ ಮೊದಲ ಯೋಚನೆಯೂ ಆಗಿತ್ತು ಕಣೋ. ಪುಣೆಯಲ್ಲಿ ಟ್ರಾನ್ಸ್‌ಪೋರ್ಟಿನವರನ್ನು ಕೇಳಿದೆ. ಬರೀ ಬೈಕ್ ಆದರೆ ಅವರಿಗೆ ದಿನನಿತ್ಯದ ಕೆಲಸ. ಪೆಟ್ರೋಲ್ ತೆಗೆದು, ಗೋಣಿ ಸುತ್ತಿ, ಹಗ್ಗ ಬಿಗಿದು ನಿಲ್ಲಿಸುತ್ತಾರೆ. ನಾನು ಅಲ್ಲಿ ಕೊಂಡ ಹೊಸ ಬುಲೆಟ್ಟಿನ ಎಡಪಕ್ಕಕ್ಕೆ ಸೈಡ್‌ಕಾರ್, ಅಂದರೆ ಒಬ್ಬರು ಕೂರುವ ಒಂಟಿ ಚಕ್ರದ ಡಬ್ಬಿ, ಇರುವುದನ್ನು ನೋಡಿ ಆತ ತಲೆ ಕೆರೆದುಕೊಂಡ. ಡಬ್ಬಿ ಬಿಚ್ಚಿ ಕೊಡಿ, ಎರಡನ್ನೂ ಬೇರೆ ಬೇರೆ ಕಳಿಸುತ್ತೇವೆ ಅಂದ. ಬಿಚ್ಚುವುದೇನೋ ನಾಲ್ಕು ಬೋಲ್ಟಿನ ಕೆಲಸ. ಜೋಡಿಸುವುದು ಹಾಗಲ್ಲ. ಸೈಡ್‌ಕಾರಿನ ಚಕ್ರ ಬೈಕಿನ ಚಕ್ರಗಳಿಗೆ ಪೂರ್ತಿ ನೇರವಾಗಿ ಇರಬಾರದು. ಮುಂದೆ ಒಂದು 20 ಮಿಲಿಮೀಟರಿನಷ್ಟು ಬೈಕಿನ ಕಡೆ ತಿರುಗಿರಬೇಕು. ಬೈಕು ಕೂಡ ನೆಟ್ಟಗೆ ನಿಲ್ಲಬಾರದು, ಸೈಡ್‌ಕಾರಿಗೆ ಬೆನ್ನು ಹಾಕಿದ ಹಾಗೆ ಕೂದಲೆಳೆಯಷ್ಟು ಬಲಕ್ಕೆ ವಾಲಿರಬೇಕು. ಇದು ತಪ್ಪಿದರೆ ಗಾಡಿ ದಾರಿಯುದ್ದಕ್ಕೂ ಒಂದೇ ಕಡೆ ಎಳೆಯುತ್ತದೆ, ಟೈರು ಬೇಗ ಸವೆಯುತ್ತದೆ. ಪುಣೆಯ ಮೆಕ್ಯಾನಿಕ್ ಕಾಕಾ ಎರಡು ಉದ್ದದ ಅಲ್ಯೂಮಿನಿಯಂ ಪೈಪು ಚಕ್ರಗಳ ಪಕ್ಕ ಇಟ್ಟು, ಟೇಪು ಹಿಡಿದು, ಅರ್ಧ ದಿನ ಕೂತು ಹೊಂದಿಸಿದ್ದರು. ಅದನ್ನು ಬಿಚ್ಚಿಸಿಕೊಂಡು ಬಂದು ಇಲ್ಲಿ ಯಾರ ಕೈಗೆ ಕೊಡಲಿ ಹೇಳು?

ಸೈಡ್‌ಕಾರ್ ಯಾಕೆ ಅಂತ ನಿನಗೆ ಗೊತ್ತೇ ಇದೆ. ಅಪ್ಪನ ಮಂಡಿ. ಕಾಲೆತ್ತಿ ಹಿಂದಿನ ಸೀಟಿಗೆ ಹಾಕಲು ಆಗುವುದಿಲ್ಲ. ಕಾರಿನಲ್ಲಿ ಕೂತರೆ ಮೈಸೂರು ರೋಡ್ ದಾಟುವಷ್ಟರಲ್ಲಿ ವಾಂತಿ. ಆಟೋ ಆದರೆ ಸೊಂಟ ಹಿಡಿಯುತ್ತದೆ. ನಾವು ಚಿಕ್ಕವರಿದ್ದಾಗ ಅಪ್ಪ ಒಂದು ಲ್ಯಾಂಬ್ರೆಟಾ ಇಟ್ಟಿದ್ದರು, ಅದಕ್ಕೊಂದು ಸೈಡ್‌ಕಾರ್. ಅದನ್ನು ಅವರು ತೊಟ್ಟಿಲು ಅನ್ನುತ್ತಿದ್ದರು. ಆ ಕಾಲಕ್ಕೆ ಬೆಂಗಳೂರಿನಲ್ಲಿ ಅಂಥ ಸ್ಕೂಟರುಗಳು ಬೇಕಾದಷ್ಟಿದ್ದವು. ನಾನೂ ಅಕ್ಕನೂ ತೊಟ್ಟಿಲಿನಲ್ಲಿ, ಅಮ್ಮ ಹಿಂದೆ, ಹಾಗೇ ಮಲ್ಲೇಶ್ವರಕ್ಕೆ ಸವಾರಿ. ಪುಣೆಗೆ ಹೊರಡುವ ಹಿಂದಿನ ದಿನ ಅಪ್ಪ ಹೇಳಿದ್ದು ಒಂದೇ ಮಾತು: "ತೊಟ್ಟಿಲು ಖಾಲಿ ಇದ್ದಾಗ ಎಡ ತಿರುವಿನಲ್ಲಿ ಹುಷಾರು." ಮೂವತ್ತು ವರ್ಷದಿಂದ ಬೈಕ್ ಓಡಿಸುತ್ತಿರುವವನಿಗೆ ಇದೇನು ಪಾಠ ಅಂತ ನಾನು ಸುಮ್ನೆ ತಲೆ ಆಡಿಸಿದೆ.

ಪುಣೆಯಲ್ಲಿ ಎರಡು ದಿನ ಹಾಳಾಯಿತು. ಇನ್ಶೂರೆನ್ಸಿನಲ್ಲಿ ಚಾಸಿ ನಂಬರಿನ ಒಂದು ಅಂಕಿ ತಪ್ಪಿತ್ತು. ತಿದ್ದಿಸಿ, ತಾತ್ಕಾಲಿಕ ನೋಂದಣಿ ಕಾಗದ ಕೈಗೆ ಬರುವಷ್ಟರಲ್ಲಿ ಲಾಡ್ಜಿನ ಹುಡುಗ ನನ್ನನ್ನು ಹೆಸರು ಹಿಡಿದು ಕರೆಯುವಷ್ಟು ಪರಿಚಯ ಆಗಿದ್ದ. ಅಂಗಡಿಯ ಹೆಸರು ಬೇಡ ಬಿಡು, ಜನ ಒಳ್ಳೆಯವರೇ.

ಹೊರಡುವ ಮೊದಲು ಕಾಕಾ ನನ್ನನ್ನು ಒಂದು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದರು. ಸೈಡ್‌ಕಾರಿನಲ್ಲಿ 40 ಕೆಜಿ ಮರಳಿನ ಮೂಟೆ ಇಟ್ಟು, "ಬೈಕ್ ಓಡಿಸಲು ಬರುತ್ತದಾ?" ಅಂತ ಹಿಂದಿಯಲ್ಲಿ ಕೇಳಿದರು. ಬರುತ್ತದೆ ಅಂದೆ. "ಹಾಗಾದರೆ ಕಷ್ಟ" ಅಂದರು. ತಮಾಷೆ ಅಂದುಕೊಂಡಿದ್ದೆ. ಐದು ನಿಮಿಷದಲ್ಲಿ ಗೊತ್ತಾಯಿತು. ಬೈಕಿನಲ್ಲಿ ತಿರುಗಬೇಕಾದರೆ ನಾವು ಮೈ ವಾಲಿಸುತ್ತೇವೆ, ಗಾಡಿ ತಾನಾಗಿ ತಿರುಗುತ್ತದೆ. ಇದು ವಾಲುವುದೇ ಇಲ್ಲ. ನಾನು ವಾಲಿದೆ, ಗಾಡಿ ನೆಟ್ಟಗೆ ಬೇಲಿ ಕಡೆ ಹೋಯಿತು. ಆಟೋ ಓಡಿಸುವ ಹಾಗೆ ಹ್ಯಾಂಡಲ್ ಹಿಡಿದು ತಿರುಗಿಸಬೇಕು, ಅದೂ ಜೋರಾಗಿ. ರೇಸ್ ಕೊಟ್ಟರೆ ಸೈಡ್‌ಕಾರ್ ಹಿಂದೆ ಉಳಿಯಲು ನೋಡುತ್ತದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಹಿಡಿದರೆ ಅದು ಮುಂದೆ ಓಡಲು ನೋಡುತ್ತದೆ, ಗಾಡಿ ಬಲಕ್ಕೆ ಹೋಗುತ್ತದೆ. ಅಂದರೆ ನೇರ ರಸ್ತೆಯಲ್ಲೂ ಕೈಗೆ ಬಿಡುವಿಲ್ಲ. ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ಬೇರೆ ಗಡಗಡ ನಡುಗುತ್ತದೆ. ಆಮೇಲೆ ಕಾಕಾ ಎಡಕ್ಕೆ ಜೋರಾಗಿ ತಿರುಗಿಸಿ ತೋರಿಸಿದರು. ಸೈಡ್‌ಕಾರಿನ ಚಕ್ರ ಮೂಟೆ ಸಮೇತ ನೆಲ ಬಿಟ್ಟು ಎದ್ದಿತು. "ಖಾಲಿ ಇದ್ದರೆ ಇನ್ನೂ ಬೇಗ ಏಳುತ್ತದೆ. ಈ ಮೂಟೆಯನ್ನು ನಿಮ್ಮ ಹೆಂಡತಿಗಿಂತ ಜಾಸ್ತಿ ಜೋಪಾನ ಮಾಡಿ" ಅಂದರು. ಅಪ್ಪನ ಮಾತೇ, ಹಿಂದಿಯಲ್ಲಿ.

ಬೆಳಿಗ್ಗೆ ಆರಕ್ಕೆ ಹೊರಟೆ. ಹೊಸ ಎಂಜಿನ್ ನೋಡು, ಮೊದಲ 500 ಕಿಲೋಮೀಟರ್ ಜೋರು ಮಾಡುವ ಹಾಗಿಲ್ಲ. ಗಂಟೆಗೆ 50. ಸುಮಾರು 840 ಕಿಲೋಮೀಟರನ್ನು ನಾಲ್ಕು ದಿನಕ್ಕೆ ಹಂಚಿಕೊಂಡಿದ್ದೆ: ಕೊಲ್ಹಾಪುರ, ಹುಬ್ಬಳ್ಳಿ, ಚಿತ್ರದುರ್ಗ, ಮನೆ.

ಮೊದಲ ಟೋಲಿನಲ್ಲೇ ಸಿಕ್ಕಿಕೊಂಡೆ. ಹೆದ್ದಾರಿಯಲ್ಲಿ ಬೈಕಿಗೆ ಟೋಲ್ ಇಲ್ಲ, ಎಡ ಅಂಚಿನಲ್ಲಿ ಒಂದು ಸಣ್ಣ ಸಂದಿ ಬಿಟ್ಟಿರುತ್ತಾರಲ್ಲ, ಅಭ್ಯಾಸದಂತೆ ಅದಕ್ಕೇ ನುಗ್ಗಿದೆ. ಬುಲೆಟ್ ಒಳಗೆ ಹೋಯಿತು, ಸೈಡ್‌ಕಾರ್ ಹೊರಗೇ ನಿಂತಿತು. ಹಿಂದೆ ಹತ್ತು ಬೈಕು. ಈ ಗಾಡಿಗೆ ರಿವರ್ಸ್ ಗೇರ್ ಇಲ್ಲ. ರಷ್ಯಾ ಮೂಲದ ಉರಾಲ್ ಸೈಡ್‌ಕಾರ್ ಗಾಡಿಗಳಿಗೆ ಇದೆ, ಆ ಹೊತ್ತಿಗೆ ಅವರ ಮೇಲೆ ಎಷ್ಟು ಹೊಟ್ಟೆಕಿಚ್ಚಾಯಿತು ಅಂತ ಹೇಳಲಾರೆ. ಬುಲೆಟ್ಟೇ 195 ಕೆಜಿ, ಸೈಡ್‌ಕಾರ್ ಸೇರಿ ಮುನ್ನೂರರ ಹತ್ತಿರ. ಹಿಂದಿದ್ದವರೇ ಇಳಿದು ಎಳೆದರು, ಎಳೆಯುತ್ತಾ ಆ ಹಾಡು ಹೇಳಿದರು. ಅದೇ, ಶೋಲೆಯಲ್ಲಿ ಸೈಡ್‌ಕಾರ್ ಗಾಡಿಯಲ್ಲಿ ಹೋಗುತ್ತಾ ಹಾಡುವ "ಯೇ ದೋಸ್ತಿ". ಬೆಂಗಳೂರು ಮುಟ್ಟುವಷ್ಟರಲ್ಲಿ ಅದನ್ನು ಹನ್ನೊಂದು ಸಲ ಕೇಳಿದೆ, ಎಣಿಸಿದ್ದೇನೆ.

ಅಲ್ಲಿಂದ ಮುಂದೆ ಕಾರಿನ ಸಾಲಿಗೇ ಹೋಗಬೇಕಾಯಿತು. ಅಲ್ಲಿ ಫಾಸ್ಟ್ಯಾಗ್ ಇಲ್ಲದೆ ಗೇಟ್ ತಾನಾಗಿ ಏಳುವುದಿಲ್ಲ. ಗಡಿ ದಾಟಿದ ಮೇಲೆ ಒಂದು ಟೋಲಿನಲ್ಲಿ ಹುಡುಗ ಹೊರಗೆ ಬಂದು ಗಾಡಿಗೆ ಒಂದು ಸುತ್ತು ಹಾಕಿದ. "ಏನ್ರಿ ಸರ, ಇದು ಬೈಕೋ, ಆಟೋನೋ? ಏನಂತ ಬರ್ಕೋಲಿ?" ಅಂದ. ಆ ಕನ್ನಡ ಕಿವಿಗೆ ಬಿದ್ದಿದ್ದೇ ನನಗೆ ಅರ್ಧ ಸುಸ್ತು ಇಳಿಯಿತು. ಫೋನಿನಲ್ಲಿ ಇಟ್ಟುಕೊಂಡಿದ್ದ ಕಾನೂನು ತೋರಿಸಿದೆ. 1988ರ ಮೋಟಾರು ವಾಹನ ಕಾಯ್ದೆಯ 2(27)ರ ಪ್ರಕಾರ ಬಿಚ್ಚಬಹುದಾದ ಸೈಡ್‌ಕಾರ್ ಹಾಕಿದ್ದರೂ ಅದು ಎರಡು ಚಕ್ರದ ಮೋಟಾರ್‌ಸೈಕಲ್ಲೇ. ಹುಡುಗ ಮೂರು ಚಕ್ರಗಳನ್ನೂ ಬೆರಳು ಮಾಡಿ ಎಣಿಸಿದ. "ಕಾನೂನಿಗೆ ಎಣಿಕಿ ಬರಂಗಿಲ್ಲೇನ್ರಿ?" ಅಂತ ನಕ್ಕು ಗೇಟ್ ಎತ್ತಿಸಿದ.

ಈಗ ನಿನಗೆ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಅಪ್ಪನ ಮುಂದೆ ಇದನ್ನು ಬಾಯಿ ಬಿಟ್ಟಿಲ್ಲ.

ನಿಪ್ಪಾಣಿ ದಾಟಿ ತವಂದಿ ಘಾಟ್. ಆ ಹೊತ್ತಿಗೆ ಕೈಗೆ ಹದ ಸಿಕ್ಕಿತ್ತು, ಸ್ವಲ್ಪ ಕೊಬ್ಬೂ ಬಂದಿತ್ತು ಅನ್ನು. ಒಂದು ಎಡ ತಿರುವಿನಲ್ಲಿ ಬಲಗಡೆ ಒಂದು ಲಾರಿ ನನ್ನ ಸಮಕ್ಕೆ ಬರುತ್ತಿತ್ತು. ತಿರುಗಿಸಿದೆ. ಎಡಗಣ್ಣಿನ ಅಂಚಿನಲ್ಲಿ ಏನೋ ಮೇಲೆ ಬಂದ ಹಾಗಾಯಿತು. ನೋಡಿದರೆ ಸೈಡ್‌ಕಾರಿನ ಮೂತಿ ನನ್ನ ಮೊಣಕಾಲಿನ ಎತ್ತರಕ್ಕೆ ಬಂದಿದೆ. ಚಕ್ರ ಗಾಳಿಯಲ್ಲಿ ತಿರುಗುತ್ತಿದೆ. ಹ್ಯಾಂಡಲ್ ನೆಟ್ಟಗೆ ಮಾಡಿದರೆ ಇಳಿಯುತ್ತದೆ, ಅದು ಗೊತ್ತು. ಆದರೆ ನೆಟ್ಟಗೆ ಮಾಡಿದರೆ ಲಾರಿಯ ಚಕ್ರದ ಕೆಳಗೆ. ರೇಸ್ ಬಿಟ್ಟು, ಸೀಟಿನಿಂದ ಅರ್ಧ ಎದ್ದು, ಇಡೀ ಮೈಯನ್ನು ಎಡಕ್ಕೆ ಎಸೆದೆ. ಎಷ್ಟು ಹೊತ್ತು ಹಾಗಿತ್ತೋ ಗೊತ್ತಿಲ್ಲ. ಲಾರಿಯ ಕ್ಲೀನರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿ ತೆರೆದು ನೋಡುತ್ತಿದ್ದದ್ದು ಮಾತ್ರ ನೆನಪಿದೆ. ಲಾರಿ ಮುಂದೆ ಹೋಯಿತು, ಚಕ್ರ ದಪ್ ಅಂತ ಕೆಳಗೆ ಬಿತ್ತು.

ಅಂಚಿಗೆ ನಿಲ್ಲಿಸಿ ನೋಡಿದರೆ ಮೂಟೆ ಅರ್ಧಕ್ಕಿಂತ ಕಡಿಮೆ! ಹಳೆಯ ಸಿಮೆಂಟ್ ಚೀಲ. ಒಳಗಿನ ಒಂದು ಬೋಲ್ಟಿಗೆ ಉಜ್ಜಿ ಉಜ್ಜಿ ಹರಿದಿತ್ತು. ತಳದ ತೂತಿನಿಂದ ಮರಳು ಸಣ್ಣಗೆ ಸೋರುತ್ತಾ ಬಂದಿದೆ. ನಾನು ಹೆದ್ದಾರಿಯುದ್ದಕ್ಕೂ ರಂಗೋಲಿ ಹಾಕಿಕೊಂಡು ಬಂದಿದ್ದೆ ಕಣೋ. ಒಂದು ಕಲ್ಲಿನ ಮೇಲೆ ಕೂತು ನೀರು ಕುಡಿದೆ. ಬಾಟಲಿಯ ಮುಚ್ಚಳ ಹಾಕಲು ಆಗಲಿಲ್ಲ, ಕೈ ಹಾಗೆ ನಡುಗುತ್ತಿತ್ತು.

ಸಂಕೇಶ್ವರದವರೆಗೆ 30ರಲ್ಲಿ ಹೋದೆ. ಅಲ್ಲಿ ಒಂದು ದಿನಸಿ ಅಂಗಡಿಗೆ ಹೋಗಿ, 30 ಕೆಜಿ ತೂಗುವ ಏನಾದರೂ ಕೊಡಿ ಅಂದೆ. ಅಂಗಡಿಯವರಿಗೆ ಇಂಥ ಗಿರಾಕಿ ಹೊಸದು. ಅಕ್ಕಿ ಬೇಕೋ ಜೋಳ ಬೇಕೋ ಅಂದರು. ನಿನ್ನ ನೆನಪಾಯಿತು, ಜೋಳ ಅಂದೆ. ಒಳ್ಳೆಯ ಬಿಳಿಜೋಳ. ಗೋಣಿ ಕೆಳಗೆ ನನ್ನ ಹಳೆಯ ರೈನ್‌ಕೋಟು ಹಾಸಿ, ಹಗ್ಗ ಬಿಗಿದು, ಬ್ಯಾಗನ್ನೂ ಅದರ ಮೇಲೇ ಕಟ್ಟಿದೆ. ಆಮೇಲೆ ಪ್ರತಿ ಟೀ ಅಂಗಡಿಯಲ್ಲೂ ಮೊದಲು ಮೂಟೆ ಮುಟ್ಟಿ ನೋಡುವುದು, ಆಮೇಲೆ ಟೀ.

ಹುಬ್ಬಳ್ಳಿಯಲ್ಲಿ ಮೊದಲ ಸರ್ವಿಸ್ ಮಾಡಿಸಿದೆ. 500 ತುಂಬಲು ಇನ್ನೂ ಸ್ವಲ್ಪ ಬಾಕಿ ಇತ್ತು, ಇರಲಿ ಅಂತ ಆಯಿಲ್ ಬದಲಾಯಿಸಿ ಕೊಟ್ಟರು. ದಾವಣಗೆರೆಯಲ್ಲಿ ಎರಡು ಬೆಣ್ಣೆ ದೋಸೆ. ಚಿತ್ರದುರ್ಗದ ಹತ್ತಿರ ಗಾಳಿ ಅಂದರೆ ಗಾಳಿ, ಗುಡ್ಡದ ಮೇಲಿನ ಫ್ಯಾನುಗಳೆಲ್ಲ ಸುತ್ತುತ್ತಿದ್ದವು. ಬರೀ ಬೈಕ್ ಆಗಿದ್ದರೆ ಹೊಯ್ದಾಡಿ ಹೋಗುತ್ತಿದ್ದೆ, ಇದು ಎಮ್ಮೆಯ ಹಾಗೆ ಜಗ್ಗದೆ ಹೋಯಿತು. ಅಲ್ಲಿ ಮೊದಲ ಸಲ ಗಾಡಿಯ ಮೇಲೆ ಪ್ರೀತಿ ಬಂತು.

ಹಿರಿಯೂರು, ಶಿರಾ, ತುಮಕೂರು ಸಲೀಸು. ನೆಲಮಂಗಲದಿಂದ ಈಚೆ ಬೆಂಗಳೂರು ಶುರು. ಇಷ್ಟು ವರ್ಷ ಈ ಊರಿನಲ್ಲಿ ಬೈಕ್ ಇರುವುದೇ ಸಂದಿಯಲ್ಲಿ ನುಗ್ಗಲಿಕ್ಕೆ ಅಂದುಕೊಂಡಿದ್ದೆ ನೋಡು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಕಾರುಗಳ ಹಿಂದೆ ಕಾರಿನ ಹಾಗೆ ನಿಂತಿದ್ದೆ, ಎರಡೂ ಕಡೆ ಸ್ಕೂಟರುಗಳು ನುಸುಳಿ ಹೋಗುತ್ತಿದ್ದವು. ಗುಂಡಿ ತಪ್ಪಿಸುವುದು ಇನ್ನೊಂದು ಪಾಡು. ಬೈಕಿಗೆ ಒಂದೇ ಸಾಲು, ಇದಕ್ಕೆ ಎರಡು. ಬುಲೆಟ್ಟಿನ ಚಕ್ರ ತಪ್ಪಿಸಿದರೆ ಡಬ್ಬಿಯ ಚಕ್ರ ಬೀಳುತ್ತದೆ. ಪಕ್ಕದ ಆಟೋದವರು ನೋಡಿ, "ಏನ್ ಸಾರ್, ನಮ್ ಕಡೆ ಬಂದ್ಬಿಟ್ರಾ?" ಅಂದರು.

ಮನೆ ಮುಂದೆ ಅಪ್ಪ ಗೇಟು ಹಿಡಿದು ನಿಂತಿದ್ದರು. ಗಾಡಿಗಿಂತ ಮೊದಲು ಮೂಟೆ ನೋಡಿದರು. "ಎಷ್ಟು ತೂಕ?" ಅಂದರು. 30 ಕೆಜಿ ಅಂದೆ. "ಮೊದಲಿಂದ ಇದೇನಾ?" ನಾನು ಹೆಲ್ಮೆಟ್ ತೆಗೆಯುವ ನೆಪದಲ್ಲಿ ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಸೈಡ್‌ಕಾರಿನ ತಳ ಬಗ್ಗಿ ನೋಡಿ, ಮೂಲೆಯಲ್ಲಿ ಉಳಿದಿದ್ದ ಮರಳನ್ನು ಬೆರಳಿನಲ್ಲಿ ತೆಗೆದು ಉದುರಿಸಿದರು, ಅಷ್ಟೇ.

ಮೂಟೆ ಇಳಿಸಿ ಅವರನ್ನು ಕೂರಿಸಿದೆ. ಒಂದು ಕೈ ನನ್ನ ಭುಜದ ಮೇಲೆ, ಒಂದು ಕೈ ಅಂಚಿನ ಮೇಲೆ, ಮಂಡಿ ಮಡಚದೆ ಹಾಗೇ ಜಾರಿ ಕೂತರು. ಹೆಲ್ಮೆಟ್ ಕೊಟ್ಟಾಗ ಜಗಳ. ತೊಟ್ಟಿಲಿನಲ್ಲಿ ಕೂತವರಿಗೂ ಬೇಕು ಅಂತ ಕಾನೂನಿದೆ ಅಂದೆ, ಲ್ಯಾಂಬ್ರೆಟಾ ಕಾಲದಲ್ಲಿ ಇರಲಿಲ್ಲ ಅಂದರು. ಕೊನೆಗೆ ಹಾಕಿಕೊಂಡರು. ನವರಂಗ್ ಕಡೆ ಒಂದು ಸುತ್ತು ಹೋಗಿ ಬಂದೆವು. ಎಡ ತಿರುವು ಬಂದಾಗಲೆಲ್ಲ ನಾನು ಹೇಳದೆಯೇ ಅಪ್ಪ ಎಡಕ್ಕೆ ವಾಲುತ್ತಿದ್ದರು.

ಇನ್ನು ಆರ್‌ಟಿಓ ಕೆಲಸ ಬಾಕಿ ಇದೆ. ಫಾರಂ 20, 21, 22, ಇಲ್ಲಿನ ತೆರಿಗೆ, ನೋಂದಣಿ ಪತ್ರದಲ್ಲಿ ಸೈಡ್‌ಕಾರ್ ಬರೆಸುವುದು. ಅದರ ಕಥೆ ಮುಂದಿನ ಪತ್ರಕ್ಕೆ.

ಜೋಳ ಹಾಗೇ ಇದೆ. ನಮ್ಮ ಮನೆಯಲ್ಲಿ ಯಾರಿಗೂ ರೊಟ್ಟಿ ತಟ್ಟಲು ಬರುವುದಿಲ್ಲ, 30 ಕೆಜಿ ನೋಡಿ ಇವಳು ನನ್ನನ್ನೇ ನೋಡುತ್ತಿದ್ದಾಳೆ. ಅತ್ತಿಗೆಗೆ ಹೇಳಿ ಒಂದು ಭಾನುವಾರ ಇಬ್ಬರೂ ಬನ್ನಿ. ಅರ್ಧ ಮೂಟೆ ನಿಮ್ಮದು. ಸ್ಟೇಷನ್ನಿಗೆ ನಾನೇ ಬರುತ್ತೇನೆ, ಅತ್ತಿಗೆ ತೊಟ್ಟಿಲಿನಲ್ಲಿ ಕೂರಲಿ, ನೀನು ಹಿಂದೆ.

ನಿನ್ನವ