ಚಾಲಕರ ತಪಾಸಣೆ ಕಡತಕ್ಕೆ ಸೀಮಿತವಾಗದಿರಲಿ

ಮಾನ್ಯರೇ,

ಅಮೆರಿಕದ ಟ್ರಕ್ ಮತ್ತು ಬಸ್ ಕಂಪನಿಗಳಲ್ಲಿ ಚಾಲಕರ ಮದ್ಯ, ಮಾದಕವಸ್ತು ತಪಾಸಣೆಯನ್ನು 1991ರ ಕಾಯ್ದೆಯೇ ಕಡ್ಡಾಯಗೊಳಿಸಿದೆ. ಅಪಘಾತದ ನಂತರ ಅಥವಾ ಸಂಶಯ ಬಂದಾಗ ಮಾತ್ರವಲ್ಲದೆ, ಮುನ್ಸೂಚನೆ ನೀಡದೆಯೂ ಪರೀಕ್ಷೆ ನಡೆಸುವುದು ಮಾಲೀಕರ ಹೊಣೆ. ನನ್ನ ದೃಷ್ಟಿಯಲ್ಲಿ ಇದೇ ಆ ವ್ಯವಸ್ಥೆಯ ಜೀವಾಳ. ಏಕೆಂದರೆ ದಿನಾಂಕ ಮೊದಲೇ ತಿಳಿದರೆ, ವ್ಯಸನಿಯು ಅದಕ್ಕೆ ಮುಂಚಿತವಾಗಿ ಎಚ್ಚರ ವಹಿಸಿ ಪಾರಾಗಬಲ್ಲ. ಉಲ್ಲಂಘನೆಗಳನ್ನು ದಾಖಲಿಸುವ ರಾಷ್ಟ್ರೀಯ ದತ್ತಾಂಶಕೋಶ 2020ರಿಂದ ಜಾರಿಯಲ್ಲಿದ್ದು, ಮಾಲೀಕರು ಅದನ್ನು ನೇಮಕಕ್ಕೆ ಮುನ್ನವೂ ಆ ಬಳಿಕ ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ಪ್ರಯೋಗಾಲಯದಲ್ಲಿ ಮಾದಕವಸ್ತು ಪತ್ತೆಯಾದರೂ, ವರದಿ ಮಾಲೀಕರಿಗೆ ತಲುಪುವ ಮೊದಲು ಪರಿಶೀಲನಾ ವೈದ್ಯರು ಚಾಲಕನ ವಿವರಣೆ ಕೇಳಬೇಕೆಂಬ ನಿಯಮ ನ್ಯಾಯಯುತವಾದುದು. ಸಣ್ಣ ಕಂಪನಿಗಳು ತಪಾಸಣೆಯ ಕೆಲಸವನ್ನು ಹೊರಗುತ್ತಿಗೆಗೆ ವಹಿಸಿದರೂ ಕಾನೂನಿನ ಹೊಣೆ ಮಾಲೀಕರದೇ ಆದ್ದರಿಂದ, ಅವರು ದಾಖಲೆಗಳನ್ನು ಸ್ವತಃ ಪರಿಶೀಲಿಸಲಿ.

— ಓರ್ವ ಓದುಗ