ಆದಿತ್ಯವಾರದ ನಾಟಕ ವಾಚನ: ಸದಸ್ಯರಿಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಬರುವ ಆದಿತ್ಯವಾರ ಮಧ್ಯಾಹ್ನ 3 ಗಂಟೆಗೆ ಕಾಸರಗೋಡಿನ ನಮ್ಮ ವಾಚನಾಲಯದಲ್ಲಿ, ಹಳೆಯ ನಾಟಕಗಳಲ್ಲಿ ಕಾಣುವ ಬಣ್ಣದ ಹಾಗೂ ಕಸುಬಿನ ತಾರತಮ್ಯದ ಕುರಿತು ವಾಚನ ಮತ್ತು ಚರ್ಚೆ ನಡೆಯಲಿದೆ.

ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಮೊದಲ ದೃಶ್ಯದಲ್ಲಿ ನಾಯಕನ ಹೆಸರನ್ನು ಯಾರೂ ಎತ್ತುವುದಿಲ್ಲ. ಅವನು ಬರೀ ‘ಮೂರ್’ (ಉತ್ತರ ಆಫ್ರಿಕಾ ಮೂಲದ ಕಪ್ಪು ಬಣ್ಣದವ), ‘ದಪ್ಪ ತುಟಿಯವ’. ಕಾಳಿದಾಸನ ‘ಶಾಕುಂತಲ’ದ ಆರನೆಯ ಅಂಕದಲ್ಲಿ ರಾಜನ ಉಂಗುರ ಸಿಕ್ಕ ಬೆಸ್ತನನ್ನು ಕೈಕಟ್ಟಿ ತರುವ ಕಾವಲಿನವರು ಅವನ ಕಸುಬನ್ನೇ ಹೀಯಾಳಿಸುತ್ತಾರೆ; ಮಾತಿನಲ್ಲೂ ರಾಜನಿಗೆ ಸಂಸ್ಕೃತ, ಬೆಸ್ತನಿಗೆ ಜನಸಾಮಾನ್ಯರ ನುಡಿಯಾದ ಪ್ರಾಕೃತ. ಕಡಲತೀರದವರಾದ ನಾವು ಈ ಭಾಗವನ್ನು ನಕ್ಕು ದಾಟಿಸಬಾರದೆಂಬುದು ನನ್ನ ಅಭಿಪ್ರಾಯವಾದ್ದರಿಂದ ಹೆಚ್ಚಿನ ಹೊತ್ತನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಪಾತ್ರ ಓದುವವರು ಆ ಅಂಕವನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು ಬರಬೇಕು. ಹೀಯಾಳಿಕೆಯ ಮಾತುಗಳನ್ನು ಮೆದುಗೊಳಿಸುವುದು ಬೇಡ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿದರೆ ಪ್ರತಿಗಳನ್ನು ತೆಗೆಸಿಡಲು ಅನುಕೂಲವಾಗುತ್ತದೆ.