ಪ್ರೊಪೆಲರ್ ಇಲ್ಲದ ವಿಮಾನಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಕ್ಯಾಪ್ಟನ್,

ಎರಡನೇ ಮಹಾಯುದ್ಧಕ್ಕೆ ಮೊದಲು ವಿಮಾನದ ವಿಷಯದಲ್ಲಿ ಫ್ರಾನ್ಸ್ ನಿದ್ದೆ ಮಾಡ್ತಿತ್ತು ಅಂತ ನೀನು ಗ್ರೂಪಿನಲ್ಲಿ ಬರೆದೆಯಲ್ಲ, ಅಲ್ಲೇ ಉತ್ತರ ಕೊಟ್ಟರೆ ಜಗಳ ಅನ್ನಿಸುತ್ತದೆ. ಅದಕ್ಕೇ ಈ ಪತ್ರ. ಎಲ್ಲರೂ ಓದಲಿ. ಶಿವಮೊಗ್ಗದ ಕೊಡೆ ವಿಷಯ ಎತ್ತುವುದಿಲ್ಲ, ಹೆದರಬೇಡ.

ನಿದ್ದೆ ಮಾಡ್ತಿರಲಿಲ್ಲ ಮಾರಾಯ. 1928ರಲ್ಲೇ ವಾಯುಯಾನಕ್ಕೆ ಬೇರೆ ಸಚಿವಾಲಯ ಮಾಡಿದ್ದರು. ಅಲ್ಲಿದ್ದ ಎಂಜಿನಿಯರ್ ಆಲ್ಬೇರ್ ಕಾಕೋ, ಹೊಸ ಮಾದರಿ ಮಾಡುವ ಕಂಪನಿಗಳಿಗೆ ಸರ್ಕಾರದಿಂದಲೇ ದುಡ್ಡು ಕೊಡಿಸಿದ. ಕಂಪನಿಗಳು ಮಾದರಿ ಮೇಲೆ ಮಾದರಿ ಮಾಡಿದವು. ದೊಡ್ಡ ಆರ್ಡರ್ ಮಾತ್ರ ಅಪರೂಪ. ಇಷ್ಟಿಷ್ಟೇ ಆರ್ಡರ್ ನಂಬಿ ಯಾರು ಹೊಸ ಯಂತ್ರ ತಂದು ಕೂರಿಸುತ್ತಾರೆ ಹೇಳು? ಎಷ್ಟೋ ಕಾರ್ಖಾನೆಗಳು ಕೈಕೆಲಸದ ವರ್ಕ್‌ಶಾಪುಗಳಾಗಿಯೇ ಉಳಿದವು.

ಆಮಿಯೋ 143 ಅನ್ನುವ ವಿಮಾನದ ಫೋಟೋ ಹುಡುಕಿ ನೋಡು. ಗಾಜಿನ ಕಿಟಕಿಗಳ ದೊಡ್ಡ ಹೊಟ್ಟೆ, ಮಡಚಲಾಗದ ಚಕ್ರಗಳು. ಬಾಂಬೂ ಹಾಕಬೇಕು, ಬೇಹೂ ನೋಡಬೇಕು, ಎದುರು ಬಂದವರ ಜೊತೆ ಕಾದಾಡಲೂಬೇಕು ಅಂತ ಎಲ್ಲವನ್ನೂ ಒಂದೇ ಸ್ಪೆಸಿಫಿಕೇಶನ್‌ನಲ್ಲಿ ತುಂಬಿದ್ದರ ಫಲ ಅದು. ಕೇಳಿದ್ದು 1928ರಲ್ಲಿ, ಸೇನೆಗೆ ಸೇರಿದ್ದು 1935ರಲ್ಲಿ. ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್. 1940ರ ಮೇ 14ರಂದು, ಫ್ರಾನ್ಸಿನ ಸೆಡಾನ್ ಊರಿನ ಹತ್ತಿರ ಜರ್ಮನ್ ಸೇನೆ ದಾಟುತ್ತಿದ್ದ ಸೇತುವೆಗಳನ್ನು ಒಡೆಯಲು ಇವನ್ನೇ ಹಾಡಹಗಲಲ್ಲಿ ಕಳಿಸಿದರು. ಒಳಗೆ ಕೂತ ಹುಡುಗರನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಬ್ಲಾಕ್ ಕಂಪನಿಯ ಫೈಟರ್ ಇನ್ನೊಂದು ಕಥೆ. 1936ರಲ್ಲಿ ಹಾರಿಸಲು ನೋಡಿದಾಗ ನೆಲವನ್ನೇ ಬಿಡಲಿಲ್ಲ. ತಿದ್ದಿ ತಿದ್ದಿ 152 ಅನ್ನುವ ಮಾದರಿಗೆ ಬಂದರು. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದಾಗ ಅಂಥ ಬಹಳಷ್ಟು ವಿಮಾನಗಳಿಗೆ ಸರಿಯಾದ ಪ್ರೊಪೆಲರ್ರೇ ಇರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ವಿಮಾನ ಬಂದಿದೆ. ಹಾರುವುದಿಲ್ಲ, ಅಷ್ಟೇ.

ಕೊನೆಗೆ 1938ರ ಮೇನಲ್ಲಿ ಅಮೆರಿಕದಿಂದ ನೂರು ಕರ್ಟಿಸ್ ಹಾಕ್ ಫೈಟರ್‌ಗಳಿಗೆ ಆರ್ಡರ್ ಕೊಟ್ಟರು. ತಮ್ಮದೇ ಮೊರಾನ್ ಫೈಟರ್‌ಗಿಂತ ಬೆಲೆ ಎರಡು ಪಟ್ಟು ಅಂತ ಗಲಾಟೆಯೂ ಆಯಿತು. ಆದರೆ 1939ರ ಸೆಪ್ಟೆಂಬರ್ 8ರಂದು ಫ್ರಾನ್ಸ್ ಕಡೆಯಿಂದ ಜರ್ಮನ್ ಫೈಟರ್‌ಗಳನ್ನು ಮೊದಲು ಕೆಡವಿದ್ದು ಈ ದುಬಾರಿ ಹಾಕ್‌ಗಳೇ. ಫ್ರಾನ್ಸ್ ಸೋತ ಮೇಲೆ ಅದರ ಆರ್ಡರ್‌ನ ಉಳಿದ ಹಾಕ್‌ಗಳು ಬ್ರಿಟಿಷರ ಕೈಗೆ ಹೋದವು. ಕೆಲವು ಬರ್ಮಾ ಗಡಿಯವರೆಗೂ ಬಂದವು. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಿನಲ್ಲಿ ಚೀನಾಕ್ಕಾಗಿ ಜೋಡಿಸಲು ಒಪ್ಪಿಕೊಂಡದ್ದೂ ಇದೇ ಹಾಕ್ ಮನೆತನದ ವಿಮಾನ, ಗೊತ್ತಾ?

ಇದನ್ನೆಲ್ಲ ಓದುವಾಗ ನನ್ನನ್ನು ಕಾಡಿದ್ದು ಒಂದೇ. ಇದರಲ್ಲಿ ಕಳ್ಳ ಅಂತ ಯಾರನ್ನೂ ತೋರಿಸಲಾಗುವುದಿಲ್ಲ. ಇನ್ನೂ ಒಳ್ಳೆಯ ಮಾದರಿ ಬರಲಿ ಅಂದವನದ್ದು ನ್ಯಾಯ. ಬೆಲೆ ಜಾಸ್ತಿ ಅಂದವನದ್ದೂ ನ್ಯಾಯ. ಎಲ್ಲರ ಟಿಪ್ಪಣಿಯೂ ಸರಿ. ನಾನೂ ಖರೀದಿ ವಿಭಾಗದವನೇ ಅಲ್ವಾ. ಆಸ್ಪತ್ರೆಗಳಿಗೆ ಹೋಗುವ ಸಾಮಾನಿನ ಫೈಲು ನನ್ನ ಮೇಜಿನ ಮೇಲೆ ಬರುತ್ತದೆ. 'ಇನ್ನೊಂದು ಕೊಟೇಶನ್ ತರಿಸಿ' ಅಂತ ಬರೆಯುವುದು ನಿಯಮದ ಪ್ರಕಾರ ಸರಿಯೇ. ಆ ಹೊತ್ತಿನಲ್ಲಿ ಒಂದು ವಾರ್ಡಿನಲ್ಲಿ ಯಾರೋ ಮಲಗಿರುತ್ತಾರೆ. ಅವರ ಮುಖ ಫೈಲಿನಲ್ಲಿ ಇರುವುದಿಲ್ಲ. ಈಚೆಗೆ ಸಹಿ ಹಾಕುವಾಗ ಎದೆ ಹೊಡೆದುಕೊಳ್ಳುತ್ತದೆ ಕಣೋ. ಮನೆಯಲ್ಲೂ ಹೇಳಿಲ್ಲ. ಇಲ್ಲಿ ಇಷ್ಟು ಬರೆಯಬೇಕು ಅಂತಲೂ ಇರಲಿಲ್ಲ.

ಸಾಕು ಬಿಡು. ಮುಂದಿನ ಪತ್ರದಲ್ಲಿ ಜಾನ್ ಮೊನೆ ಬರುತ್ತಾನೆ. ಕೊನ್ಯಾಕ್ ಬ್ರಾಂದಿ ವ್ಯಾಪಾರದ ಮನೆತನದವನು, 1938ರಲ್ಲಿ ವಿಮಾನ ಕೊಳ್ಳುವ ಮಾತುಕತೆಗೆ ರೂಸ್‌ವೆಲ್ಟ್ ಹತ್ತಿರ ಹೋದ. ಬ್ರಾಂದಿ ಅಂದ ಕೂಡಲೇ ನಿನಗೆ ಯಾರು ನೆನಪಾದರು ಅಂತ ಗೊತ್ತು. ಅವರೂ ಇದನ್ನು ಓದುತ್ತಾರೆ, ಕಮೆಂಟಿನಲ್ಲಿ ಹೆಸರು ಹಾಕಬೇಡ.

ನಿನ್ನ
ಕೊಡೆ ಹಿಡಿದವನು